ಕವಲೊಡೆದ ತಂತ್ರಾಂಶದ ವಿಲೀನ: ವರ್ತಕರು ತಿಳಿದಿರಬೇಕಾದ ಸಂಗತಿಗಳು

2025ರ ಸೆಪ್ಟೆಂಬರ್ 3ರಂದು ಸಭೆ ಸೇರಿದ ಜಿಎಸ್‌ಟಿ ಮಂಡಳಿಯು ತೆರಿಗೆ ದರಗಳ ಪುನರ್ರಚನೆಗೆ ಒಪ್ಪಿಗೆ ನೀಡಿತು. ಅದೇ ತಿಂಗಳ 22ರಿಂದ ಹೊಸ ದರಗಳು ಜಾರಿಗೆ ಬಂದವು. ಹನಿ ನೀರಾವರಿ ಮತ್ತು ತುಂತುರು ನೀರಾವರಿ ಉಪಕರಣಗಳ ಮೇಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ನೀರಿನ ಅಭಾವದ ನಡುವೆಯೂ ಟೊಮೆಟೊ ಬೆಳೆಯುವ ಕೋಲಾರ ಜಿಲ್ಲೆಯ ಮಟ್ಟಿಗೆ ಇದು ಸಣ್ಣ ಸುದ್ದಿಯಲ್ಲ. ದರ ಬದಲಾಯಿಸುವುದೆಂದರೆ ಗಣಕದಲ್ಲಿ ಒಂದು ಅಂಕಿಯನ್ನು ತಿದ್ದುವುದಷ್ಟೇ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಬಿಲ್ಲಿಂಗ್ ತಂತ್ರಾಂಶವನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿಸಿಕೊಂಡಿರುವ ವರ್ತಕರಿಗೆ ಇಂತಹ ಪ್ರತಿಯೊಂದು ಬದಲಾವಣೆಯೂ ಪೇಚಿನ ಪ್ರಸಂಗವೇ ಸರಿ. ತಯಾರಕರು ಕಳುಹಿಸುವ ಹೊಸ ಆವೃತ್ತಿಯನ್ನು ಅಳವಡಿಸಿದರೆ ಹಣ ತೆತ್ತು ಮಾಡಿಸಿಕೊಂಡ ತಿದ್ದುಪಡಿ ಅಳಿಸಿಹೋಗುತ್ತದೆ. ಅಳವಡಿಸದಿದ್ದರೆ ಬಿಲ್ಲಿನಲ್ಲಿ ಹಳೆಯ ದರವೇ ಮುದ್ರಿತವಾಗುತ್ತದೆ.

ತಂತ್ರಾಂಶ ರಚನಾಕಾರರಿಗೆ ಈ ಸಮಸ್ಯೆ ಹೊಸದಲ್ಲ. ಒಂದೇ ಮೂಲದಿಂದ ಹೊರಟು ಬೇರೆ ಬೇರೆಯಾಗಿ ಬೆಳೆದ ಪ್ರತಿಗಳಿಗೆ ಅವರು ‘ಕವಲು’ ಎನ್ನುತ್ತಾರೆ. ಎರಡು ಕವಲುಗಳ ಬದಲಾವಣೆಗಳನ್ನು ಒಂದೇ ಪ್ರತಿಯಲ್ಲಿ ಕೂಡಿಸುವುದು ‘ವಿಲೀನ’. ಯಾರು, ಯಾವಾಗ, ಏನನ್ನು ಬದಲಾಯಿಸಿದರೆಂಬ ದಾಖಲೆಯನ್ನಿಟ್ಟು ಈ ಕಾರ್ಯಕ್ಕೆ ನೆರವಾಗುವ ಏರ್ಪಾಡೇ ಆವೃತ್ತಿ ನಿಯಂತ್ರಣ ವ್ಯವಸ್ಥೆ. ತಂತ್ರಾಂಶ ಬರೆಯುವುದು ವರ್ತಕರ ಕೆಲಸವಲ್ಲ. ಆದರೆ ಬರೆಸಿಕೊಳ್ಳುವವರು ಅವರೇ ಆದುದರಿಂದ ವಿಲೀನದ ಬಗೆಯನ್ನು ಅರಿತಿರುವುದು ಲಾಭದಾಯಕ.

ಮೂರನೆಯ ಪ್ರತಿಯ ಮಹತ್ವ

ವಕ್ಕಲೇರಿಯ ಸಮೀಪದಲ್ಲಿ ಹನಿ ನೀರಾವರಿಯ ಬಿಡಿಭಾಗಗಳನ್ನು ತಯಾರಿಸಿ ಮಾರುವ ಒಂದು ಸಣ್ಣ ಘಟಕವಿದೆ ಎಂದಿಟ್ಟುಕೊಳ್ಳಬಹುದು. ಮೂಲ ಬಿಲ್ಲಿಂಗ್ ಪ್ರೋಗ್ರಾಮಿನಲ್ಲಿ ತೆರಿಗೆ ದರದ ಸಾಲಿನಲ್ಲಿ 12 ಎಂದಿತ್ತು. ಸಾಗಣೆ ವೆಚ್ಚದ ಸಾಲು ಬಿಲ್ಲಿನ ಕೊನೆಯಲ್ಲಿತ್ತು. ಘಟಕದ ಮಾಲೀಕರು ಸಾಗಣೆ ವೆಚ್ಚವು ತೆರಿಗೆಗೆ ಮೊದಲೇ ಕೂಡುವಂತೆ ತಿದ್ದಿಸಿಕೊಂಡರು. ಅತ್ತ ತಯಾರಕರು ದರವನ್ನು 5ಕ್ಕೆ ಇಳಿಸಿ ಹೊಸ ಆವೃತ್ತಿಯನ್ನು ಕಳುಹಿಸಿದರು. ಈ ಎರಡು ಪ್ರತಿಗಳನ್ನಷ್ಟೇ ಅಕ್ಕಪಕ್ಕದಲ್ಲಿಟ್ಟರೆ ಎರಡು ಕಡೆ ವ್ಯತ್ಯಾಸವಿದೆ ಎಂಬುದು ಮಾತ್ರ ಗಣಕಕ್ಕೆ ತಿಳಿಯುತ್ತದೆ. 12 ಸರಿಯೋ 5 ಸರಿಯೋ, ಯಾವುದು ಹಳತು, ಯಾವುದು ಉದ್ದೇಶಪೂರ್ವಕವಾದ ಬದಲಾವಣೆ ಎಂಬುದನ್ನು ಎರಡೇ ಪ್ರತಿಗಳಿಂದ ಹೇಳಲಾಗದು.

ಕವಲೊಡೆಯುವ ಮುನ್ನ ಇದ್ದ ಮೂಲ ಪ್ರತಿಯನ್ನು ಜೊತೆಗಿಟ್ಟಾಗ ಚಿತ್ರ ತಿಳಿಯಾಗುತ್ತದೆ. ಮೂಲದಲ್ಲಿ 12, ಮಾಲೀಕರ ಪ್ರತಿಯಲ್ಲಿಯೂ 12. ಬದಲಿಸಿದವರು ತಯಾರಕರು ಮಾತ್ರ, ಆದ್ದರಿಂದ 5ನ್ನು ಸ್ವೀಕರಿಸಬೇಕು. ಸಾಗಣೆಯ ಸಾಲು ತಯಾರಕರ ಪ್ರತಿಯಲ್ಲಿ ಮೂಲದಂತೆಯೇ ಇದೆ. ಬದಲಿಸಿದವರು ಮಾಲೀಕರು, ಆದ್ದರಿಂದ ಅವರ ತಿದ್ದುಪಡಿ ಉಳಿಯಬೇಕು. ಇದಕ್ಕೆ ಮುಮ್ಮುಖ ವಿಲೀನವೆಂದು ಹೆಸರು. ‘ಹೊಸ ತಾರೀಖಿನ ಕಡತವೇ ಸರಿಯಾದ ಕಡತ’ ಎಂಬ ಕಚೇರಿಗಳ ರೂಢಿ ಎಷ್ಟು ಅಪಾಯಕಾರಿ ಎಂಬುದು ಇದರಿಂದಲೇ ಸ್ಪಷ್ಟ.

ಇದು ಗಣಕಯುಗದಲ್ಲಿ ಹುಟ್ಟಿದ ಉಪಾಯವೇನೂ ಅಲ್ಲ. ವಕ್ಕಲೇರಿಯ ಹೆಸರು ಇತಿಹಾಸಕಾರರಿಗೆ ಪರಿಚಿತವಾಗಿರುವುದು ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಶಾಸನದಿಂದ. ಆ ವಂಶದ ದಾನಶಾಸನಗಳಲ್ಲಿ ಹಿಂದಿನ ಅರಸರ ಪ್ರಶಸ್ತಿಯ ಭಾಗವು ಬಹುಮಟ್ಟಿಗೆ ಅದೇ ಮಾತುಗಳಲ್ಲಿ ಮುಂದುವರಿದು, ಹೊಸ ಅರಸನ ಭಾಗ ಅದಕ್ಕೆ ಸೇರುತ್ತಾ ಹೋಗುತ್ತದೆ. ಒಂದೇ ಪಾಠದ ಎರಡು ಶಾಸನಗಳಲ್ಲಿ ಒಂದು ಪದ ಬೇರೆಯಾಗಿ ಕಂಡರೆ, ಅವುಗಳಿಗೂ ಹಿಂದಿನ ಶಾಸನವನ್ನು ನೋಡಿ ನಿರ್ಧರಿಸುವುದು ಸಂಪಾದಕರ ಕ್ರಮ. ಗಣಕವು ಮಾಡುವುದೂ ಅದನ್ನೇ.

ತಿಕ್ಕಾಟ ಮತ್ತು ಮೌನವಾದ ತಪ್ಪು

ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆಯಾಗಿ ಬದಲಿಸಿದ್ದರೆ ಗಣಕವು ಕೈಚೆಲ್ಲುತ್ತದೆ. ಎರಡೂ ರೂಪಗಳನ್ನು ಗುರುತು ಹಾಕಿ ಮುಂದಿಟ್ಟು ತೀರ್ಮಾನವನ್ನು ಮನುಷ್ಯರಿಗೆ ಬಿಡುತ್ತದೆ. ಮೇಲಿನ ಘಟಕದಲ್ಲಿಯೇ, ಹೊಸ ಆವೃತ್ತಿ ಬರುವ ಮೊದಲು ಆತುರದಲ್ಲಿ ಯಾರೋ ಎಲ್ಲ ಸರಕಿಗೂ 5 ಎಂದು ಬರೆದಿದ್ದರೆ, ತಯಾರಕರು ಅದೇ ಜಾಗದಲ್ಲಿ ಎಚ್‌ಎಸ್‌ಎನ್ ಸಂಖ್ಯೆಗೆ ಅನುಗುಣವಾಗಿ ದರ ಹುಡುಕುವ ಪಟ್ಟಿಯನ್ನು ಸೇರಿಸಿದ್ದರೆ, ಆಗ ಇಂತಹ ತಿಕ್ಕಾಟ ಏರ್ಪಡುತ್ತದೆ. ಸಾಮಾನ್ಯ ಪಿವಿಸಿ ಪೈಪಿನ ದರ ಶೇ. 18ರಲ್ಲಿಯೇ ಉಳಿದಿರುವುದರಿಂದ ಇಲ್ಲಿ ಪಟ್ಟಿಯನ್ನೇ ಉಳಿಸಿಕೊಳ್ಳಬೇಕು. ಈ ತೀರ್ಮಾನವನ್ನು ಪ್ರೋಗ್ರಾಮರ್ ಒಬ್ಬರೇ ಮಾಡಲಾರರು. ವ್ಯಾಪಾರದ ಒಳಹೊರಗು ಬಲ್ಲವರು ಪಕ್ಕದಲ್ಲಿರಬೇಕು.

ತಿಕ್ಕಾಟ ಕಂಡರೆ ಗಾಬರಿಪಡುವವರು ಬಹಳ. ನಿಜಕ್ಕೂ ಗಾಬರಿಪಡಬೇಕಾದುದು ತಿಕ್ಕಾಟವಿಲ್ಲದೆ ಮುಗಿದ ವಿಲೀನದ ಬಗೆಗೆ. ವ್ಯವಸ್ಥೆಯು ಸಾಲುಗಳನ್ನು ಹೋಲಿಸುತ್ತದೆಯೇ ಹೊರತು ಅವುಗಳ ಅರ್ಥವನ್ನಲ್ಲ. ಮಾಲೀಕರು ಬಿಲ್ ಸಿದ್ಧಪಡಿಸುವ ಕಡತದಲ್ಲಿ ಶೇ. 10ರ ವ್ಯಾಪಾರಿ ರಿಯಾಯಿತಿಯನ್ನು ಕಳೆಯುವಂತೆ ಮಾಡಿಸಿದ್ದಾರೆ. ತಯಾರಕರು ಅದೇ ಸೌಲಭ್ಯವನ್ನು ತೆರಿಗೆ ಲೆಕ್ಕದ ಕಡತದಲ್ಲಿ ಸೇರಿಸಿದ್ದಾರೆ ಎನ್ನಿ. ಕಡತಗಳು ಬೇರೆ ಬೇರೆಯಾದುದರಿಂದ ವಿಲೀನವು ಯಾವ ತಕರಾರೂ ಇಲ್ಲದೆ ನಡೆಯುತ್ತದೆ. 10,000 ರೂಪಾಯಿಯ ಸರಕಿನಲ್ಲಿ 1,000 ಕಳೆದು 9,000ಕ್ಕೆ ಶೇ. 5 ತೆರಿಗೆ ಸೇರಿ 9,450 ಆಗಬೇಕಿದ್ದ ಬಿಲ್, ರಿಯಾಯಿತಿ ಎರಡು ಬಾರಿ ಕಳೆದು 8,505ಕ್ಕೆ ಇಳಿಯುತ್ತದೆ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ಆದುದರಿಂದ ವಿಲೀನದ ನಂತರ ಹತ್ತಿಪ್ಪತ್ತು ಹಳೆಯ ಬಿಲ್ಲುಗಳನ್ನು ಮತ್ತೆ ಹಾಕಿ, ದರದ ವ್ಯತ್ಯಾಸವನ್ನು ಬಿಟ್ಟು ಉಳಿದೆಲ್ಲ ಮೊತ್ತ ತಾಳೆಯಾಗುತ್ತದೆಯೇ ಎಂದು ನೋಡುವುದು ಅಗತ್ಯ. ರಿಯಾಯಿತಿ, ಸಾಗಣೆ, ಹೊರರಾಜ್ಯದ ಮಾರಾಟ, ಹಿಂದಿರುಗಿ ಬಂದ ಸರಕು, ಇವು ಆ ಬಿಲ್ಲುಗಳಲ್ಲಿ ಇರಲೇಬೇಕು.

ಮುಂದೂಡಿದಷ್ಟೂ ವೆಚ್ಚ

2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ತಂತ್ರಾಂಶವನ್ನು ತಿದ್ದಿಸಿಕೊಂಡು, ಅನಂತರ ತಯಾರಕರ ಆವೃತ್ತಿಗಳನ್ನು ಕಡೆಗಣಿಸುತ್ತಾ ಬಂದ ಸಂಸ್ಥೆಯೊಂದರ ಸ್ಥಿತಿಯನ್ನು ಊಹಿಸಬಹುದು. ಇ-ಇನ್‌ವಾಯ್ಸ್ ನಿಯಮವು 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ ಮಾತ್ರ ಅನ್ವಯಿಸಿತ್ತು. ಆ ಮಿತಿಯು ಹಂತ ಹಂತವಾಗಿ 100, 50, 20, 10 ಕೋಟಿಗೆ ಇಳಿದು 2023ರ ಆಗಸ್ಟ್ 1ರಂದು 5 ಕೋಟಿಗೆ ಬಂದಿತು. ನಡುವೆ 2021ರ ಏಪ್ರಿಲ್‌ನಲ್ಲಿ ಎಚ್‌ಎಸ್‌ಎನ್ ಅಂಕಿಗಳ ನಿಯಮ ಬದಲಾಯಿತು. ಆಗಾಗ ವಿಲೀನಗೊಳಿಸಿದ್ದರೆ ಪ್ರತಿಯೊಂದೂ ಅರ್ಧ ದಿನದ ಕೆಲಸ. ಎಲ್ಲವನ್ನೂ ಒಮ್ಮೆಗೇ ತರಹೊರಟರೆ ನೂರಾರು ಕಡೆ ತಿಕ್ಕಾಟ ಏಳುತ್ತದೆ. ಹಳೆಯ ತಿದ್ದುಪಡಿ ಏಕೆ ಮಾಡಿದ್ದೆಂಬುದು ಮಾಡಿಸಿದವರಿಗೇ ಮರೆತಿರುತ್ತದೆ. ಖಾತೆಯನ್ನು ದಿನದಿನವೂ ಬರೆಯದೆ ವರ್ಷಾಂತ್ಯಕ್ಕೆ ಬಿಟ್ಟವರ ಪಾಡು ವರ್ತಕರಿಗೆ ಗೊತ್ತಿಲ್ಲದ್ದಲ್ಲ.

ಈ ವ್ಯವಸ್ಥೆಗಳ ಇತಿಹಾಸವೂ ಖಾತೆ ಪುಸ್ತಕದ ಕಥೆಯಂತೆಯೇ ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1972ರಲ್ಲಿ ರೂಪುಗೊಂಡ ಎಸ್‌ಸಿಸಿಎಸ್‌ನಲ್ಲಿಯೂ 1980ರ ದಶಕದ ಆರ್‌ಸಿಎಸ್‌ನಲ್ಲಿಯೂ ಬೀಗದ ಪದ್ಧತಿಯಿತ್ತು: ಒಬ್ಬರ ಕೈಯಲ್ಲಿ ಕಡತವಿದ್ದಾಗ ಇನ್ನೊಬ್ಬರು ಕಾಯಬೇಕು. ಅನಂತರದ ಸಿವಿಎಸ್ ಎಲ್ಲರೂ ಏಕಕಾಲದಲ್ಲಿ ಬರೆದು ಕೊನೆಗೆ ಕೂಡಿಸುವ ದಾರಿಯನ್ನು ರೂಢಿಗೆ ತಂದಿತು. ಸಬ್‌ವರ್ಷನ್‌ನಲ್ಲಿ 2008ರ ಆವೃತ್ತಿಯವರೆಗೂ ಯಾವ ಬದಲಾವಣೆ ಈಗಾಗಲೇ ವಿಲೀನವಾಗಿದೆ ಎಂಬುದನ್ನು ಬಳಕೆದಾರರೇ ಬರೆದಿಟ್ಟುಕೊಳ್ಳಬೇಕಾಗಿತ್ತು. ಲಿನಕ್ಸ್‌ನ ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಆರಂಭಿಸಿದ ಗಿಟ್, ಪ್ರತಿ ವಿಲೀನದ ದಾಖಲೆಯಲ್ಲಿ ಅದರ ಎರಡೂ ಪೂರ್ವಜರನ್ನು ನಮೂದಿಸುತ್ತದೆ. ಮುಂದಿನ ವಿಲೀನಕ್ಕೆ ಬೇಕಾದ ಮೂಲ ಪ್ರತಿ ಈ ದಾಖಲೆಯಿಂದಲೇ ದೊರೆಯುತ್ತದೆ. ಕೆಲವು ಪ್ರೋಗ್ರಾಮರುಗಳು ವಿಲೀನ ಮಾಡದೆ, ಬೇಕಾದ ಸಾಲುಗಳನ್ನು ಕೈಯಿಂದ ನಕಲು ಮಾಡಿ ಅಂಟಿಸುತ್ತಾರೆ. ಆ ಹೊತ್ತಿಗೆ ಕೆಲಸ ಸಾಗುತ್ತದೆ, ಆದರೆ ವ್ಯವಸ್ಥೆಗೆ ಅದರ ಅರಿವಿರುವುದಿಲ್ಲ. ಮುಂದಿನ ಸಲ ಬಗೆಹರಿದ ತಿಕ್ಕಾಟಗಳೇ ಮತ್ತೆ ಎದ್ದು ನಿಲ್ಲುತ್ತವೆ.

ಕವಲೊಡೆಯದಿರುವ ಉಪಾಯವೂ ಉಂಟು. ಬೆಂಗಳೂರಿನಲ್ಲಿ 1986ರಲ್ಲಿ ಆರಂಭವಾದ ಸಂಸ್ಥೆಯ ಟ್ಯಾಲಿ ತಂತ್ರಾಂಶದಲ್ಲಿ ಗ್ರಾಹಕರ ತಿದ್ದುಪಡಿಗಳನ್ನು ಟಿಡಿಎಲ್ ಎಂಬ ಭಾಷೆಯಲ್ಲಿ ಪ್ರತ್ಯೇಕ ಕಡತವಾಗಿ ಬರೆದು ಮೂಲದ ಮೇಲೆ ಹೊದಿಸಲಾಗುತ್ತದೆ. ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್‌ನಲ್ಲಿಯೂ ಮೂಲವನ್ನು ಮುಟ್ಟದೆ ಬೇರೆ ಆ್ಯಪ್ ಆಗಿ ಸೇರಿಸಲು ಅವಕಾಶವಿದೆ. ಹೊಸ ಆವೃತ್ತಿ ಬಂದಾಗ ಮೂಲ ಬದಲಾದರೂ ಮೇಲಿನ ಪದರ ಉಳಿಯುತ್ತದೆ. ಅದು ಹೊಸ ಮೂಲಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ ಮಾತ್ರ ತಪ್ಪದು. ಸಣ್ಣ ಉದ್ದಿಮೆಗಳ ಮಟ್ಟಿಗೆ ಇದೇ ಲೇಸು. ಮೂಲವನ್ನೇ ತಿದ್ದಿಸುವುದು ಅನಿವಾರ್ಯವಾದಲ್ಲಿ ಪ್ರೋಗ್ರಾಮರ್ ಜೊತೆಗಿನ ಕರಾರಿನಲ್ಲಿ ಕೊನೆಯ ಕಡತವನ್ನಷ್ಟೇ ಅಲ್ಲದೆ, ಪೂರ್ಣ ಇತಿಹಾಸವುಳ್ಳ ರೆಪಾಸಿಟರಿಯನ್ನೇ ಒಪ್ಪಿಸಬೇಕೆಂಬ ಷರತ್ತನ್ನು ಸೇರಿಸಿಕೊಳ್ಳಬೇಕು. ಅವರು ಕೆಲಸ ಬಿಟ್ಟುಹೋದಾಗ ಮೂಲ ಪ್ರತಿ ಅವರ ಲ್ಯಾಪ್‌ಟಾಪಿನಲ್ಲಿಯೇ ಉಳಿದರೆ ಮುಮ್ಮುಖ ವಿಲೀನದ ಮಾತೇ ಇಲ್ಲ.

ಎಲ್ಲ ಕಡತಗಳೂ ಹೀಗೆ ವಿಲೀನಕ್ಕೆ ಒಗ್ಗುವುದಿಲ್ಲ. ಎಕ್ಸೆಲ್ ಹಾಳೆ ಹಾಗೂ ಕ್ಯಾಡ್ ನಕ್ಷೆಗಳು ಸಾಲುಗಳಾಗಿ ಓದಬಲ್ಲ ಪಠ್ಯವಲ್ಲ. ಅವುಗಳಿಗೆ ಇಂದಿಗೂ ಒಬ್ಬರ ಕೈಯಲ್ಲಿ ಒಂದು ಪ್ರತಿ ಎಂಬ ಹಳೆಯ ಬೀಗದ ಪದ್ಧತಿಯೇ ಕ್ಷೇಮ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸಬಯಸುವವರು ನಕ್ಷೆಯ ಪರಿಷ್ಕರಣೆ ಸಂಖ್ಯೆಯನ್ನು ಕೈಬಿಡುವಂತಿಲ್ಲ. ಸಿಎನ್‌ಸಿ ಯಂತ್ರದ ಪ್ರೋಗ್ರಾಮ್ ಮಾತ್ರ ಶುದ್ಧ ಪಠ್ಯವಾದುದರಿಂದ ಗಿಟ್ ಅದನ್ನು ಸುಲಭವಾಗಿ ವಿಲೀನಗೊಳಿಸುತ್ತದೆ. ಪಾಳಿಯ ಮೇಲ್ವಿಚಾರಕರು ಯಂತ್ರದಲ್ಲಿಯೇ ಚಲನೆಯ ವೇಗವನ್ನು ಹೆಚ್ಚಿಸಿ, ಕಚೇರಿಯವರು ಅದೇ ಪ್ರೋಗ್ರಾಮಿನಲ್ಲಿ ಕೊರೆತದ ಆಳವನ್ನು ಹೆಚ್ಚಿಸಿದ್ದರೆ, ಎರಡೂ ಬೇರೆ ಬೇರೆ ಸಾಲುಗಳಾದುದರಿಂದ ತಿಕ್ಕಾಟವಿಲ್ಲದೆ ಒಂದಾಗುತ್ತವೆ. ಆ ವೇಗದಲ್ಲಿ ಆ ಆಳಕ್ಕೆ ಇಳಿದ ಉಪಕರಣ ಮುರಿಯುವ ಸಂಭವವಿದೆ. ವಿಲೀನಗೊಂಡ ಪ್ರೋಗ್ರಾಮನ್ನು ಮೊದಲು ಲೋಹವಿಲ್ಲದೆ ಬರಿಯ ಗಾಳಿಯಲ್ಲಿ ಓಡಿಸಿ ಚಲನೆಯ ಹಾದಿಯನ್ನು ನೋಡಿ, ಬಳಿಕ ತಗ್ಗಿಸಿದ ವೇಗದಲ್ಲಿ ಒಂದು ಮಾದರಿ ತುಂಡನ್ನು ಕೊರೆದು ಅಳೆದ ಮೇಲೆಯೇ ಅದನ್ನು ಪಾಳಿಗೆ ಒಪ್ಪಿಸಬೇಕು.