ಅಕ್ಕಡಿ ಸಾಲಿನ ಸೊಗಡು

ನಮ್ಮದು ತುಮಕೂರು ಸೀಮೆಯ ಕೆಂಪು ನೆಲ, ಮಳೆ ನಂಬಿದ ರಾಗಿ ಹೊಲ. ಅಪ್ಪ 8 ಸಾಲು ರಾಗಿಗೆ 1 ಸಾಲು ಅಕ್ಕಡಿ ಹಾಕುತ್ತಿದ್ದ. ಅವರೆ, ತೊಗರಿ, ಒಂದಷ್ಟು ಹುಚ್ಚೆಳ್ಳು. ಹಗಲು ಕಿರಿದಾದ ಮೇಲೆಯೇ ಹೂ ಬಿಡುವ ಹಳೇ ಅವರೆ ಅದು. ರಾಗಿ ಕೊಯ್ದ ಮೇಲೂ ಹೊಲದಲ್ಲಿ ಹಬ್ಬಿ ನಿಲ್ಲುತ್ತಿತ್ತು. ಧನುರ್ಮಾಸದ ಚಳಿಯಲ್ಲಿ ಇಬ್ಬನಿ ಬಿದ್ದ ಕಾಯಿ ಕಿತ್ತರೆ ಬೆರಳಿಗೆಲ್ಲ ಅಂಟು, ಸೊಗಡು. ಅವ್ವ ಕಾಳು ನೆನೆಹಾಕಿ, ಹಿದುಕಿ ಸಾರು ಮಾಡಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು.

2 ವರ್ಷದ ಕೆಳಗೆ ಆಳು ಸಿಗದೆ ಮಿಷನ್‌ನಲ್ಲಿ ರಾಗಿ ಕೊಯ್ಯಿಸಿದೆ. ಅದಕ್ಕೆ ಅಡ್ಡ ಅಂತ ಅಕ್ಕಡಿ ಹಾಕಿರಲಿಲ್ಲ. ರಾಗಿ ಬೇಗ ಮನೆ ಸೇರಿತು, ಸುಳ್ಳು ಹೇಳಬಾರದು. ಆದರೆ ಚಳಿಗಾಲದಲ್ಲಿ ಹೊಲಕ್ಕೆ ಹೋದರೆ ಬರೀ ಕೂಳೆ. ಪೇಟೆಯಿಂದ ಅವರೆಕಾಯಿ ತಂದೆ. ಎಲ್ಲ ಕಾಲಕ್ಕೂ ಬಿಡುವ ತಳಿಯಂತೆ. ಕಾಯಿ ದಪ್ಪಗಿತ್ತು, ಸೊಗಡೇ ಇರಲಿಲ್ಲ. ಅವ್ವ ಮೂಸಿ ನೋಡಿ ಬುಟ್ಟಿ ಪಕ್ಕಕ್ಕಿಟ್ಟಳು.

ಮನೆಯಲ್ಲಿ ಬೀಜವೂ ಉಳಿದಿರಲಿಲ್ಲ. ಪಕ್ಕದ ಊರಿನ ನೆಂಟರ ಮನೆಯಲ್ಲಿ ಬೂದಿ ಬೆರೆಸಿಟ್ಟ ಹಳೇ ಬೀಜ ಸಿಕ್ಕಿತು. ಈ ಸಲ ಬದುವಿನ ಉದ್ದಕ್ಕೂ 2 ಸಾಲು ಹಾಕಿದೀನಿ, ನಡುವೆ ಮಿಷನ್ ಓಡಾಡಲಿ. ನಿಮ್ಮಲ್ಲಿ ಹಳೇ ಅವರೆ ಇದ್ದರೆ ಒಂದು ಸೇರಾದರೂ ಬೀಜಕ್ಕೆ ಎತ್ತಿಡಿ.