ಲೋಕಕ್ಕೆಲ್ಲ ಒಂದೇ ಮೋಡ

ಡಿಕುಮಡ್ ಎಂಬ ಆಟದಲ್ಲಿ ನಮ್ಮ 75 ಸೆಕೆಂಡಿಗೆ ಒಂದು ಗಂಟೆ ಕಳೆಯುತ್ತದೆ. ಅರ್ಧ ತಾಸಿನಲ್ಲಿ ಒಂದು ಹಗಲು, ಒಂದು ರಾತ್ರಿ ಮುಗಿದಿರುತ್ತವೆ. ಪ್ರತಿ ಗಂಟೆಗೂ ಕಂಪ್ಯೂಟರು ದಾಳ ಉರುಳಿಸಿ ಗಾಳಿಯ ಒತ್ತಡವನ್ನು ಏರಿಸುತ್ತದೆ, ಇಲ್ಲವೇ ಇಳಿಸುತ್ತದೆ. ಒತ್ತಡ 960ರಿಂದ 1040ರೊಳಗೆ ಓಡಾಡಿಕೊಂಡಿರುತ್ತದೆ. ಕುಸಿದರೆ ಮೋಡ, ಇನ್ನೂ ಕುಸಿದರೆ ಮಳೆ, ಆಮೇಲೆ ಮಿಂಚು. ಆಟಗಾರರಿಗೆ ಇದೆಲ್ಲ ಒಂದೊಂದು ಸಾಲಿನ ಬರಹವಾಗಿ ತಲುಪುತ್ತದೆ. ಹತ್ತಾರು ಮಂದಿ ಒಟ್ಟಿಗೆ ಸೇರಿ, ಓದಿ, ಟೈಪ್ ಮಾಡಿ ಆಡುವ ಆಟವಿದು. ಚಿತ್ರದ ಮಾತೇ ಇಲ್ಲ.

ಇಂಥ ಆಟಗಳಿಗೆ ಮಡ್ ಎಂದು ಹೆಸರು. ಮೊದಲನೆಯದು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಅವರ ಕೈಯಲ್ಲಿ ಹುಟ್ಟಿತು. ಡಿಕುಮಡ್ ಅನ್ನು ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು ಬರೆದು 1991ರಲ್ಲಿ ಹಂಚಿದರು. ಅದರ ಕೋಡ್ ಹಿಡಿದು ಇನ್ನೆಷ್ಟೋ ಲೋಕಗಳು ಎದ್ದುನಿಂತವು.

ಆ ಹವಾಮಾನದ ಕೋಡ್ ಇಂದಿಗೂ ಮೆಚ್ಚುವಂಥದ್ದೇ. ಮನೆಯೊಳಗಿರುವವರಿಗೆ, ಮಲಗಿರುವವರಿಗೆ ಮಳೆಯ ಸುದ್ದಿ ಹೋಗುವುದಿಲ್ಲ. ಸಿಡಿಲು ಬರಿಸುವ ಮಂತ್ರ ಬಯಲಿನಲ್ಲಿ, ಅದೂ ಮಳೆ ಸುರಿಯುವಾಗ ಮಾತ್ರ ಫಲಿಸುತ್ತದೆ. ಆದರೆ ಇಡೀ ಲೋಕಕ್ಕೆ ಇರುವುದು ಒಂದೇ ಆಕಾಶ. ಬಂದರಿನಲ್ಲಿ ಹನಿಯತೊಡಗಿದ ಕ್ಷಣಕ್ಕೇ ಮರುಭೂಮಿಯಲ್ಲೂ ಹನಿಯುತ್ತದೆ. ಕಾಡಿನಲ್ಲಿ ಹೆಜ್ಜೆಗೆ 3, ಪರ್ವತದಲ್ಲಿ 6 ಅಂಕದಷ್ಟು ದಣಿವು ಎಂಬ ಲೆಕ್ಕವುಂಟು; ಜಡಿಮಳೆಯಲ್ಲೂ ಅದು ಬದಲಾಗುವುದಿಲ್ಲ. ಮಳೆ ಬಂದಿದ್ದು ಕಾಲಿಗೆ ಗೊತ್ತಾಗದಿದ್ದರೆ ಆಟಗಾರ ಆ ಸಾಲನ್ನು ಓದುವುದನ್ನೇ ಬಿಡುತ್ತಾನೆ.

ಇದನ್ನು ಸರಿಪಡಿಸಲು ದೊಡ್ಡ ವಿಜ್ಞಾನವೇನೂ ಬೇಡ. ಭೂಪಟದ ಮೇಲೆ ಗಾಳಿಗೆ ಒಂದು ದಿಕ್ಕು ಕೊಡಬೇಕು, ಜಾಗಕ್ಕೊಂದು ಎತ್ತರ ಕೊಡಬೇಕು. ಕಿಲೋಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಗಾಳಿಗೆ ಎದೆಯೊಡ್ಡಿದ ಬೆಟ್ಟ ಮಳೆಯನ್ನು ತಾನೇ ಹೀರಿಕೊಂಡು ಬೆನ್ನಹಿಂದಿನ ಸೀಮೆಯನ್ನು ಒಣಗಿಸುತ್ತದೆ. ಆಗುಂಬೆ ತೊಯ್ದು ಚಿತ್ರದುರ್ಗ ಬಾಯಾರುವುದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರವಾಹದಲ್ಲಂತೂ ಪಠ್ಯದ ಆಟಕ್ಕೆ ಒಳ್ಳೆಯ ಅವಕಾಶವಿದೆ. ಮಡ್‌ನಲ್ಲಿ ಪ್ರತಿ ಜಾಗವೂ ಒಂದು ‘ರೂಮ್’; ನದಿಯೆಂದರೆ ಒಂದಕ್ಕೊಂದು ಪೋಣಿಸಿದ ರೂಮುಗಳು. ಪ್ರತಿಯೊಂದಕ್ಕೂ ನೀರಿನ ಮಟ್ಟವನ್ನು ಬರೆದಿಟ್ಟು, ಗಂಟೆಗೊಮ್ಮೆ ಅದರಲ್ಲಿ ಒಂದು ಪಾಲನ್ನು ಕೆಳಗಿನ ರೂಮಿಗೆ ದಾಟಿಸಿದರೆ ಸಾಕು. ಘಟ್ಟದ ಮೇಲೆ ಸುರಿದ ಮಳೆ ಕೆಳಗಿನ ಕಡವಿಗೆ ಬಂದು ಮುಟ್ಟುವಾಗ ಅಲ್ಲಿ ಬಿಸಿಲು ಕಾಯುತ್ತಿರುತ್ತದೆ. ಮೊದಲು, ನೀರು ಕೆಂಪಾಗಿದೆ ಎನ್ನುತ್ತದೆ ಬರಹ. ಸ್ವಲ್ಪ ಹೊತ್ತಿಗೆ ಕಸಕಡ್ಡಿ ತೇಲಿ ಬರುತ್ತದೆ. ಆಮೇಲೆ, ದಾಟುವ ಕಲ್ಲುಗಳು ಮುಳುಗುತ್ತವೆ. ಇಷ್ಟು ಕಂಡೂ ಇಳಿದವನನ್ನು ಹೊಳೆ ಎರಡು ರೂಮು ಕೆಳಕ್ಕೆ ಎಳೆದೊಯ್ಯಲಿ, ತಪ್ಪಿಲ್ಲ. ಸುಳಿವೇ ಕೊಡದೆ ಕೊಲ್ಲುವ ಪ್ರವಾಹ ನಿಜಕ್ಕೆ ಹತ್ತಿರವಿದ್ದೀತು. ಆದರೆ ಓದುವುದನ್ನೇ ಆಟವಾಗಿಸಿಕೊಂಡವರಿಗೆ ಅದು ಅನ್ಯಾಯ.

ಸಿಡಿಲಿನದ್ದೂ ಹಾಗೆಯೇ. ಸದ್ದು ಒಂದು ಕಿಲೋಮೀಟರ್ ಸಾಗಲು ಮೂರು ಸೆಕೆಂಡು ಹಿಡಿಯುತ್ತದೆ. ಮಿಂಚಿನ ಸಾಲು ಮೂಡಿ ಆರು ಸೆಕೆಂಡಿಗೆ ಗುಡುಗಿನ ಸಾಲು ಬಂದರೆ ಸಿಡಿಲು ಎರಡು ಕಿಲೋಮೀಟರ್ ಆಚೆಗಿದೆ. ಮುಂದಿನ ಸಲ ನಡುವಿನ ಬಿಡುವು ಮೂರು ಸೆಕೆಂಡಿಗೆ ಇಳಿದರೆ, ಒಂಟಿ ಮರದಡಿ ನಿಂತವರು ಯಾರೂ ಹೇಳದೆಯೇ ಓಡಬೇಕು.

ಬರೆಯುವವರಿಗೆ ಮಿತಿಯೂ ಬೇಕು. ದೃಷ್ಟಿಯಿಲ್ಲದ ಅನೇಕರು ಸ್ಕ್ರೀನ್ ರೀಡರ್ ನೆರವಿನಿಂದ ಮಡ್ ಆಡುತ್ತಾರೆ. ನಿಮಿಷಕ್ಕೊಮ್ಮೆ ಬರುವ ‘ಮಳೆ ಸುರಿಯುತ್ತಿದೆ’ ಅವರ ಕಿವಿಯಲ್ಲಿ ಗೆಳೆಯರ ಮಾತನ್ನೇ ಮುಚ್ಚಿಹಾಕುತ್ತದೆ. ಏನಾದರೂ ಬದಲಾದಾಗ ಮಾತ್ರ ಹೇಳಿ, ಉಳಿದದ್ದನ್ನು ಕೇಳಿದವರಿಗೆ ಹೇಳುವುದು ವಾಸಿ. ಹೊಳೆಯ ಆಚೆ ದಡದಲ್ಲಿ ಸಿಕ್ಕಿಬಿದ್ದವರು ಹಗ್ಗ ಎಸೆಯಿರೆಂದು ಕೂಗಿದ್ದು ಈಚೆಯವರ ಪರದೆಯಲ್ಲಿ ಮೊದಲು ಕಾಣಬೇಕು.