ಯುದ್ಧಕಾಲದ ಮುಖಪುಟಗಳು: ಸಂಗ್ರಹ ಮತ್ತು ವಿವೇಕ

ಮನೆಗೆ ಹೆಬ್ಬಾಗಿಲು ಹೇಗೋ ಪುಸ್ತಕಕ್ಕೆ ಮುಖಪುಟ ಹಾಗೆ. ಒಳಗಿನ ವಸ್ತುವನ್ನು ಅರಿಯುವ ಮುನ್ನವೇ ನಮ್ಮ ದೃಷ್ಟಿ ಅಲ್ಲಿ ನೆಲೆಗೊಳ್ಳುತ್ತದೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕ ದೇಶದ ಬೀದಿ ಅಂಗಡಿಗಳಲ್ಲಿ ಹತ್ತು ಸೆಂಟುಗಳಿಗೆ ದೊರೆಯುತ್ತಿದ್ದ ಮಕ್ಕಳ ಚಿತ್ರಕಥಾ ಪುಸ್ತಕಗಳನ್ನು, ಅವುಗಳ ಮುಖಪುಟದ ಚಿತ್ರಕ್ಕಾಗಿಯೇ ಅರಸಿ ಸಂಗ್ರಹಿಸುವವರು ಇಂದು ಅನೇಕರಿದ್ದಾರೆ. ‘ಕಾಮಿಕ್ಸ್’ ಎಂದು ನಮ್ಮ ಮಕ್ಕಳು ಕರೆಯುವ ಇಂತಹ ಪುಸ್ತಕಗಳನ್ನು ಹಿರಿಯರು ಸಾಮಾನ್ಯವಾಗಿ ಕಾಲಹರಣದ ಸಾಮಗ್ರಿಯೆಂದೇ ಎಣಿಸುತ್ತಾರೆ. ಆದರೆ ಸಂಕಟದ ಕಾಲದಲ್ಲಿ ಒಂದು ದೇಶವು ತನ್ನ ಮಕ್ಕಳ ಕಣ್ಣೆದುರಿಗೆ ಏನನ್ನು ಹಿಡಿಯಿತು ಎಂಬುದನ್ನು ತಿಳಿಯಬಯಸುವವರಿಗೆ ಇವುಗಳಿಗಿಂತ ನೇರವಾದ ಸಾಕ್ಷ್ಯ ದೊರೆಯುವುದು ದುರ್ಲಭ. ಆದಕಾರಣ ಈ ಹವ್ಯಾಸದ ಸ್ವರೂಪವನ್ನೂ ಅದರ ಗುಣದೋಷಗಳನ್ನೂ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

1938ರ ಜೂನ್ ತಿಂಗಳ ಸಂಚಿಕೆಯಾಗಿ ‘ಆಕ್ಷನ್ ಕಾಮಿಕ್ಸ್’ ಎಂಬ ಪತ್ರಿಕೆಯು ಹೊರಬಂದು, ಅದರಲ್ಲಿ ‘ಸೂಪರ್‌ಮ್ಯಾನ್’ ಎಂಬ ಅತಿಮಾನುಷ ವೀರನು ಕಾಣಿಸಿಕೊಂಡಂದಿನಿಂದ ಈ ಬಗೆಯ ಪುಸ್ತಕಗಳ ಪ್ರಚಾರ ಅತಿಶಯವಾಗಿ ಬೆಳೆಯಿತು. ಒಳಗೆ ಸಾಮಾನ್ಯವಾಗಿ 64 ಪುಟಗಳು, ಅವೆಲ್ಲವೂ ಅಗ್ಗದ ವೃತ್ತಪತ್ರಿಕೆಯ ಕಾಗದ. ಹೊರಗೆ ಮಾತ್ರ ನಯವಾದ ಹೊಳಪಿನ ಕಾಗದದ ಮೇಲೆ ನಾಲ್ಕು ಬಣ್ಣಗಳ ಮುದ್ರಣ. ನಡುವೆ ಎರಡು ತಂತಿಯ ಹೊಲಿಗೆ. ಅಂಗಡಿಯ ಮುಂದೆ ಹತ್ತಾರು ಪುಸ್ತಕಗಳು ಸಾಲಾಗಿ ತೂಗುತ್ತಿರುವಾಗ, ಕೈಯಲ್ಲಿ ಒಂದೇ ನಾಣ್ಯವಿದ್ದ ಬಾಲಕನ ಮನಸ್ಸನ್ನು ಸೆಳೆಯಲು ಪ್ರಕಾಶಕನಿಗೆ ದೊರೆಯುತ್ತಿದ್ದುದು ಒಂದೆರಡು ಕ್ಷಣಗಳ ಅವಕಾಶ. ಅಷ್ಟರೊಳಗೆ ಭಯ, ಶೌರ್ಯ, ಕುತೂಹಲಗಳೆಲ್ಲವೂ ಒಮ್ಮೆಲೆ ಕಣ್ಣಿಗೆ ತಾಗಬೇಕು. ಆದುದರಿಂದಲೇ ಮುಖಪುಟ ಬರೆಯುವುದು ಒಂದು ವಿಶಿಷ್ಟ ವಿದ್ಯೆಯಾಗಿ ಬೆಳೆಯಿತು. ಎಷ್ಟೋ ವೇಳೆ ಹೊರಗಿನ ಚಿತ್ರಕ್ಕೂ ಒಳಗಿನ ಕಥೆಗೂ ಯಾವ ಸಂಬಂಧವೂ ಇರುತ್ತಿರಲಿಲ್ಲ.

ಇವುಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದುದು ‘ಕ್ಯಾಪ್ಟನ್ ಅಮೆರಿಕ ಕಾಮಿಕ್ಸ್’ನ ಪ್ರಥಮ ಸಂಚಿಕೆಯ ಮುಖಪುಟ. ತನ್ನ ದೇಶದ ಧ್ವಜವನ್ನೇ ಉಡುಪಾಗಿ ಧರಿಸಿದ ವೀರನು ಶತ್ರುವಿನ ಕೋಣೆಗೆ ನುಗ್ಗಿ ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಸುತ್ತಲಿನ ಸೈನಿಕರು ಹಾರಿಸಿದ ಗುಂಡು ಅವನ ಗುರಾಣಿಗೆ ತಾಗಿ ಚಿಮ್ಮುತ್ತಿದೆ. ನೆಲದ ಮೇಲೆ ಅಮೆರಿಕದ ಭೂಪಟ ಬಿದ್ದಿದೆ. ಈ ಚಿತ್ರದ ಮಹತ್ತ್ವವು ಅದರ ಕಾಲದಲ್ಲಿ ಅಡಗಿದೆ. ಸಂಚಿಕೆಯ ಮೇಲೆ 1941ರ ಮಾರ್ಚ್ ಎಂದು ಅಚ್ಚಾಗಿದ್ದರೂ ಅದು ಮಾರಾಟಕ್ಕೆ ಬಂದದ್ದು 1940ರ ಡಿಸೆಂಬರ್ ತಿಂಗಳಲ್ಲಿ. ಜಪಾನೀಯರು ಪರ್ಲ್ ಹಾರ್ಬರ್ ಮೇಲೆ ದಾಳಿಯಿಟ್ಟು ಅಮೆರಿಕವು ಯುದ್ಧಕ್ಕಿಳಿದದ್ದು 1941ರ ಡಿಸೆಂಬರ್ 7ರ ಅನಂತರ. ಎಂದರೆ ರಾಷ್ಟ್ರವು ಇನ್ನೂ ತಟಸ್ಥವಾಗಿ, ‘ಪರರ ಜಗಳ ನಮಗೇಕೆ’ ಎಂಬ ವಾದವು ಪ್ರಬಲವಾಗಿದ್ದಾಗ, ಇಬ್ಬರು ತರುಣ ಚಿತ್ರಕಾರರು ಹೆಚ್ಚುಕಡಿಮೆ ಒಂದು ವರ್ಷ ಮೊದಲೇ ತಮ್ಮ ಪಕ್ಷವನ್ನು ಬಹಿರಂಗವಾಗಿ ಸಾರಿದ್ದರು.

ಆ ತರುಣರೇ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ. ಇಬ್ಬರೂ ಯಹೂದಿ ಮನೆತನದವರು. ಕರ್ಬಿಯ ಮೂಲನಾಮ ಜೇಕಬ್ ಕರ್ಟ್ಸ್‌ಬರ್ಗ್. ನ್ಯೂಯಾರ್ಕ್ ನಗರದ ಬಡವರ ಓಣಿಯಲ್ಲಿ, ಆಸ್ಟ್ರಿಯಾದಿಂದ ವಲಸೆ ಬಂದ ದಂಪತಿಗಳಿಗೆ 1917ರಲ್ಲಿ ಹುಟ್ಟಿದವನು. ಯೂರೋಪಿನಲ್ಲಿ ತಮ್ಮವರಿಗೆ ಒದಗಿದ್ದ ದುರ್ಗತಿ ಇವರಿಗೆ ದೂರದ ಸುದ್ದಿಯಾಗಿರಲಿಲ್ಲ. ಮುಖಪುಟವನ್ನು ಕಂಡ ಅಮೆರಿಕದ ನಾಜಿ ಪಕ್ಷಪಾತಿಗಳು ಬೆದರಿಕೆಯ ಪತ್ರಗಳನ್ನು ಕಳುಹಿಸಿದರೆಂದೂ, ಕಚೇರಿಗೆ ಪೊಲೀಸ್ ಕಾವಲು ಬಂದಿತೆಂದೂ, ನಗರದ ಮೇಯರ್ ಲಾ ಗಾರ್ಡಿಯಾ ತಾವೇ ದೂರವಾಣಿಯಲ್ಲಿ ಮಾತನಾಡಿ ಅಭಯ ನೀಡಿದರೆಂದೂ ಸೈಮನ್ ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾನೆ. 1943ರಲ್ಲಿ ಕರ್ಬಿಯು ಸೈನ್ಯಕ್ಕೆ ಸೇರ್ಪಡೆಯಾಗಿ, 1944ರಲ್ಲಿ ಫ್ರಾನ್ಸಿನ ರಣಭೂಮಿಗೆ ಹೋದನು. ಕಾಗದದ ಮೇಲೆ ಹಿಟ್ಲರನೊಡನೆ ಕಾದಿದವನು ನಿಜವಾದ ಯುದ್ಧವನ್ನೂ ಕಂಡುಬಂದನು.

ಶತ್ರುಪಾಳಯವೂ ಈ ಚಿತ್ರಗಳನ್ನು ಲಘುವಾಗಿ ಕಾಣಲಿಲ್ಲ. 1940ರ ಫೆಬ್ರವರಿಯಲ್ಲಿ ‘ಲುಕ್’ ಎಂಬ ಪತ್ರಿಕೆಯು, ಸೂಪರ್‌ಮ್ಯಾನ್ ಹಿಟ್ಲರನನ್ನೂ ಸ್ಟಾಲಿನ್ನನನ್ನೂ ಎತ್ತಿಕೊಂಡು ಹೋಗಿ ರಾಷ್ಟ್ರಸಂಘದ ಎದುರು ನಿಲ್ಲಿಸುವ ಎರಡು ಪುಟಗಳ ಚಿತ್ರಕಥೆಯನ್ನು ಪ್ರಕಟಿಸಿತು. ಅದೇ ಏಪ್ರಿಲ್ ತಿಂಗಳಲ್ಲಿ ನಾಜಿಗಳ ಎಸ್.ಎಸ್. ಪಡೆಯ ಪತ್ರಿಕೆಯು ಸೂಪರ್‌ಮ್ಯಾನ್ ಕರ್ತೃ ಜೆರ್ರಿ ಸೀಗಲ್‌ನನ್ನು ಅವನ ಯಹೂದಿ ಕುಲವನ್ನೆತ್ತಿ ಹೀಯಾಳಿಸಿ ಬರೆಯಿತು. ಮಕ್ಕಳಾಟಿಕೆಯೆಂದು ಕಂಡ ಗೆರೆಗಳಿಗೂ ಸರ್ವಾಧಿಕಾರಿಗಳು ಸಿಡಿದೇಳುತ್ತಾರೆಂಬುದಕ್ಕೆ ಇದೊಂದು ನಿದರ್ಶನ.

ಯುದ್ಧಘೋಷಣೆಯಾದ ಮೇಲೆ ಮುಖಪುಟಗಳ ಸ್ವರೂಪ ಬದಲಾಯಿತು. 1942ರ ಜುಲೈನಲ್ಲಿ ಅಮೆರಿಕದ ಸುಮಾರು 500 ನಿಯತಕಾಲಿಕೆಗಳು ಏಕಕಾಲದಲ್ಲಿ ರಾಷ್ಟ್ರಧ್ವಜವನ್ನು ತಮ್ಮ ಮುಖಪುಟದಲ್ಲಿ ಮುದ್ರಿಸಿದವು; ಚಿತ್ರಕಥೆಗಳೂ ಅದರಲ್ಲಿ ಪಾಲ್ಗೊಂಡವು. ಬ್ಯಾಟ್‌ಮನ್ ಮತ್ತು ರಾಬಿನ್ ಯುದ್ಧಸಾಲದ ಪತ್ರಗಳನ್ನು ಕೊಳ್ಳಿರೆಂದು ಮಕ್ಕಳಿಗೆ ಕರೆಕೊಟ್ಟರು. ಪೋರ್ಟೊ ರಿಕೊ ದ್ವೀಪದಲ್ಲಿ 1905ರಲ್ಲಿ ಜನಿಸಿದ ಅಲೆಕ್ಸ್ ಶಾಂಬರ್ಗ್ ಎಂಬ ಚಿತ್ರಕಾರನು ಈ ಅವಧಿಯ ಅಗ್ರಗಣ್ಯನು. ಒಂದೇ ಹಾಳೆಯಲ್ಲಿ ವಿಮಾನ, ಜಲಾಂತರ್ನೌಕೆ, ಯಂತ್ರಾಗಾರ, ಹತ್ತಾರು ಸೈನಿಕರು, ಅವರ ನಡುವೆ ಎರಡು ಮೂರು ವೀರರು, ಹೀಗೆ ಒಂದು ರಣರಂಗವನ್ನೇ ತುಂಬಿಸಿಯೂ ಗೊಂದಲವಾಗದಂತೆ ಬರೆಯುವ ಕೌಶಲ ಅವನದು. ಸಂಗ್ರಾಹಕರು ಅವನ ಹೆಸರಿನಿಂದಲೇ ಪುಸ್ತಕಗಳನ್ನು ಅರಸುತ್ತಾರೆ.

ಗಂಡಸರು ಯುದ್ಧಕ್ಕೆ ಹೋದಾಗ ಚಿತ್ರಶಾಲೆಗಳಲ್ಲಿ ಸ್ತ್ರೀಯರಿಗೂ ಸ್ಥಾನ ದೊರೆಯಿತು. ಅವರಲ್ಲಿ ಲಿಲಿ ರೆನೆ ಎಂಬಾಕೆಯ ವೃತ್ತಾಂತ ಮನಮಿಡಿಯುವಂತಹುದು. 1921ರಲ್ಲಿ ವಿಯೆನ್ನಾ ನಗರದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಈಕೆ, 1939ರಲ್ಲಿ ಮಕ್ಕಳನ್ನು ಪಾರುಮಾಡುತ್ತಿದ್ದ ರೈಲಿನಲ್ಲಿ ತಂದೆತಾಯಿಗಳನ್ನು ಅಗಲಿ ಇಂಗ್ಲೆಂಡಿಗೆ ಬಂದಳು. ಅನಂತರ ನ್ಯೂಯಾರ್ಕ್ ಸೇರಿ ‘ಫಿಕ್ಷನ್ ಹೌಸ್’ ಎಂಬ ಪ್ರಕಾಶನದಲ್ಲಿ ನಾಜಿಗಳನ್ನು ಎದುರಿಸುವ ಗೂಢಚಾರಿಣಿಯ ಚಿತ್ರಕಥೆಯನ್ನು ಬರೆದಳು. 2022ರಲ್ಲಿ, 101ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮನೆಮಠಗಳನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳ ಕೈಯಿಂದ ಮೂಡಿದ ಗೆರೆ ಅದು ಎಂಬುದನ್ನು ತಿಳಿದು ನೋಡಿದರೆ ಆ ಚಿತ್ರವು ಬೇರೆಯಾಗಿಯೇ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ನಾಣ್ಯದ ಇನ್ನೊಂದು ಮುಖವನ್ನು ಮುಚ್ಚಿಡುವುದು ಧರ್ಮವಾಗದು. ಈ ಮುಖಪುಟಗಳಲ್ಲಿ ಹಿಟ್ಲರನು ಒಬ್ಬ ದುಷ್ಟ ವ್ಯಕ್ತಿಯಾಗಿ ಚಿತ್ರಿತನಾಗಿದ್ದರೆ, ಜಪಾನೀಯರು ಒಟ್ಟು ಜನಾಂಗವಾಗಿಯೇ ವಿಕೃತರಾಗಿ ಚಿತ್ರಿತರಾಗಿದ್ದಾರೆ. ಕೋರೆಹಲ್ಲು, ಹಳದಿ ಮೈ, ಪಶುಸದೃಶವಾದ ಮುಖ. 1943ರ ಮಾರ್ಚ್ ತಿಂಗಳ ‘ಆಕ್ಷನ್ ಕಾಮಿಕ್ಸ್’ನ ಮುಖಪುಟದಲ್ಲಿ, ದೀನರಕ್ಷಕನೆಂದು ಹೆಸರಾದ ಸೂಪರ್‌ಮ್ಯಾನನೇ ಜಪಾನೀಯರನ್ನು ಹೀನಾಯವಾಗಿ ಸಂಬೋಧಿಸುವ ಭಿತ್ತಿಪತ್ರಗಳನ್ನು ಮುದ್ರಣಯಂತ್ರದಲ್ಲಿ ಅಚ್ಚು ಹಾಕುತ್ತಿದ್ದಾನೆ. ಇದು ಕಾಗದದ ಮೇಲಿನ ಮಾತಾಗಿ ಉಳಿಯಲಿಲ್ಲ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆಜ್ಞೆಯ ಮೇರೆಗೆ ಸುಮಾರು 1,20,000 ಮಂದಿ ಜಪಾನೀ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಲ್ಲಿ ಇರಿಸಲಾಯಿತು. ಅವರಲ್ಲಿ ಮೂರನೆಯ ಎರಡು ಭಾಗದಷ್ಟು ಜನ ಅಮೆರಿಕದ ಪ್ರಜೆಗಳೇ ಆಗಿದ್ದರು. ಇದು ಅನ್ಯಾಯವೆಂದು ಆ ಸರ್ಕಾರವು ಶಾಸನಪೂರ್ವಕವಾಗಿ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20,000 ಡಾಲರುಗಳ ಪರಿಹಾರವನ್ನು ಗೊತ್ತುಪಡಿಸಿದ್ದು 1988ರಲ್ಲಿ. ಹತ್ತು ಸೆಂಟಿನ ಚಿತ್ರವೇ ಇದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ನೆರೆಯವನನ್ನು ಮನುಷ್ಯನಲ್ಲವೆಂದು ತಿಂಗಳು ತಿಂಗಳು ಕಂಡ ಮಗುವಿಗೆ, ಆ ನೆರೆಮನೆಗೆ ಬೀಗ ಬಿದ್ದಾಗ ಕಣ್ಣು ಒದ್ದೆಯಾಗುವುದೆ? ಅನ್ಯಾಯವನ್ನು ಮೊದಲು ಗುರುತಿಸಿದ ಕಲೆಯೇ ಇನ್ನೊಂದು ಅನ್ಯಾಯಕ್ಕೆ ಕುರುಡಾದುದನ್ನು ಸಂಗ್ರಾಹಕನು ಮರೆಯಬಾರದು.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳ ಕೈಗೂ ಈ ಮುಖಪುಟಗಳ ಮರುಮುದ್ರಣಗಳು ಸುಲಭವಾಗಿ ಬರುತ್ತವೆ. ಅಲ್ಲಿ ಪದೇ ಪದೇ ಕಾಣುವ ಸ್ವಸ್ತಿಕ ಚಿಹ್ನೆಯ ವಿಷಯದಲ್ಲಿ ಹಿರಿಯರು ಮೌನ ತಾಳಬಾರದು. ನಮ್ಮ ಹೊಸ್ತಿಲ ರಂಗವಲ್ಲಿಯಲ್ಲಿ, ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಮಂಗಳಸೂಚಕವಾದ ಚಿಹ್ನೆಯನ್ನೇ ಓರೆಯಾಗಿ ತಿರುಗಿಸಿ, ಕೆಂಪು ಬಾವುಟದ ಬಿಳಿಯ ವೃತ್ತದಲ್ಲಿ ಕಪ್ಪಾಗಿ ಬರೆದು ಒಂದು ಪಕ್ಷವು ಘೋರಕೃತ್ಯಗಳನ್ನು ಎಸಗಿತು. ಆದುದರಿಂದ ಆ ಚಿಹ್ನೆಯನ್ನು ಕಂಡು ಸಹಪಾಠಿಯೊಬ್ಬನು ಬೆಚ್ಚಿದರೆ ಅವನ ಭಯಕ್ಕೆ ಕಾರಣವಿದೆ. ಈ ಎರಡು ಮಾತುಗಳನ್ನೂ ಮಗುವಿಗೆ ತಿಳಿಯಹೇಳಬೇಕು.

ಮೂಲ ಪ್ರತಿಗಳು ಇಷ್ಟು ವಿರಳವಾಗಲು ಕಾರಣಗಳುಂಟು. ಯುದ್ಧಕಾಲದಲ್ಲಿ ಕಾಗದದ ಅಭಾವವುಂಟಾಗಿ ಹಳೆಯ ಕಾಗದವನ್ನು ಸಂಗ್ರಹಿಸುವ ಅಭಿಯಾನ ನಡೆದಾಗ, ಮಕ್ಕಳೇ ತಮ್ಮ ಪುಸ್ತಕಗಳನ್ನು ದೇಶಸೇವೆಯೆಂದು ಒಪ್ಪಿಸಿದರು. ಮಾರಾಟವಾಗದೆ ಉಳಿದ ಪ್ರತಿಗಳ ಮುಖಪುಟವನ್ನೋ ಅದರ ಮೇಲ್ಭಾಗವನ್ನೋ ಹರಿದು ಹಿಂದಿರುಗಿಸಿ ವರ್ತಕರು ಹಣ ಪಡೆಯುವ ಪದ್ಧತಿಯಿತ್ತು. ಯುದ್ಧ ಮುಗಿದ ಮೇಲೆ, ಈ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆಂಬ ಕೂಗೆದ್ದು, 1948ರಲ್ಲಿ ಸ್ಪೆನ್ಸರ್, ಬಿಂಗ್‌ಹ್ಯಾಂಟನ್ ಮೊದಲಾದ ಊರುಗಳಲ್ಲಿ ರಾಶಿ ಹಾಕಿ ಸುಟ್ಟರು. ಇವೆಲ್ಲವನ್ನೂ ಮೀರಿ ಉಳಿದ ಸಂಗ್ರಹಗಳಲ್ಲಿ ಕೊಲೊರಾಡೊ ರಾಜ್ಯದ ಎಡ್ಗರ್ ಚರ್ಚ್ ಎಂಬ ವಾಣಿಜ್ಯ ಚಿತ್ರಕಾರನದು ಸುಪ್ರಸಿದ್ಧ. ತನ್ನ ವೃತ್ತಿಗೆ ಚಿತ್ರಗಳ ಮಾದರಿಯಾಗಲೆಂದು ಅವನು ವರ್ಷಗಟ್ಟಲೆ ಕೊಂಡು ಒತ್ತೊತ್ತಾಗಿ ಪೇರಿಸಿಟ್ಟಿದ್ದ ಸಾವಿರಾರು ಪುಸ್ತಕಗಳು 1977ರಲ್ಲಿ ಬೆಳಕಿಗೆ ಬಂದಾಗ, ಅಲ್ಲಿನ ಒಣ ತಂಪು ಹವೆಯಿಂದಾಗಿ ಎಷ್ಟೋ ಪ್ರತಿಗಳು ನಿನ್ನೆ ಅಚ್ಚಾದಂತೆ ಹೊಳೆಯುತ್ತಿದ್ದವು. ಹಣದ ಆಸೆಯಿಲ್ಲದೆ ಚಿತ್ರದ ಮೇಲಣ ಪ್ರೀತಿಯಿಂದ ಕೂಡಿಟ್ಟದ್ದೇ ಎಲ್ಲಕ್ಕಿಂತ ಚೆನ್ನಾಗಿ ಉಳಿಯಿತು.

ಓಲೆಗರಿಯ ಕಟ್ಟುಗಳ ನಡುವೆ ವಿದ್ಯಾಭ್ಯಾಸ ಮಾಡಿದ ನಮಗೆ ಸಂರಕ್ಷಣೆಯ ಕಷ್ಟ ಅಪರಿಚಿತವಲ್ಲ. ಓಲೆಗೆ ಎಣ್ಣೆ ಸವರಿ, ಮರದ ಹಲಗೆಗಳ ನಡುವೆ ಕಟ್ಟಿ, ವಸ್ತ್ರದಲ್ಲಿ ಸುತ್ತಿಟ್ಟರೆ ಶತಮಾನಗಳು ಬಾಳುತ್ತದೆ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದಕ್ಕೆ ಆ ಆಯುಷ್ಯವಿಲ್ಲ. ಅದರೊಳಗಿನ ಆಮ್ಲವೇ ಅದನ್ನು ಹಳದಿಯಾಗಿಸಿ ಪುಡಿಗೈಯುತ್ತದೆ. ಆದುದರಿಂದ ಬಲ್ಲವರು ಆಮ್ಲರಹಿತವಾದ ರಟ್ಟನ್ನು ಬೆನ್ನಿಗಿಟ್ಟು, ಪಾರದರ್ಶಕವಾದ ಪಾಲಿಯೆಸ್ಟರ್ ಚೀಲದಲ್ಲಿರಿಸಿ, ಬಿಸಿಲು, ತೇವ, ಸೆಕೆಗಳಿಂದ ದೂರವಿಡುತ್ತಾರೆ. ಹರಿದ ಅಂಚಿಗೆ ಅಂಟುಪಟ್ಟಿ ಹಚ್ಚುವುದು ಮಹಾಪರಾಧ. ತಂತಿಗೆ ತುಕ್ಕು ಹಿಡಿದರೆ ಕಲೆ ಪುಟಕ್ಕೂ ಹರಡುತ್ತದೆ. ನಮ್ಮ ಮನೆಗಳಲ್ಲಿರುವ ಹಳೆಯ ಮಾಸಪತ್ರಿಕೆ, ಪಂಚಾಂಗ, ಲಗ್ನಪತ್ರಿಕೆಗಳಿಗೂ ಈ ನಿಯಮಗಳೇ ಅನ್ವಯಿಸುತ್ತವೆ.

ಬೆಲೆಯ ಮಾತನ್ನೂ ಹೇಳಬೇಕು. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬಾತನು ಬೆಲೆಗಳ ಕೈಪಿಡಿಯನ್ನು ಪ್ರಕಟಿಸಿದಂದಿನಿಂದ ಹವ್ಯಾಸವು ವ್ಯಾಪಾರವಾಗತೊಡಗಿತು. 2000ದಿಂದೀಚೆಗೆ ಪ್ರತಿಯ ಸ್ಥಿತಿಯನ್ನು ಪರೀಕ್ಷಿಸಿ, ಹತ್ತರಲ್ಲಿ ಇಷ್ಟೆಂದು ಅಂಕವಿತ್ತು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುವ ಸಂಸ್ಥೆ ಬಂದಿದೆ. ಪೆಟ್ಟಿಗೆಯನ್ನು ಒಡೆದರೆ ಅಂಕ ಹೋಗುತ್ತದೆ. ಆದ್ದರಿಂದ ಪುಸ್ತಕವನ್ನು ಮತ್ತೆ ಯಾರೂ ತೆರೆಯುವುದಿಲ್ಲ. 2022ರಲ್ಲಿ ‘ಕ್ಯಾಪ್ಟನ್ ಅಮೆರಿಕ’ದ ಪ್ರಥಮ ಸಂಚಿಕೆಯ ಒಂದು ಪ್ರತಿ 31 ಲಕ್ಷ ಡಾಲರುಗಳನ್ನು ಮೀರಿ ಹರಾಜಾಯಿತು. ಆದರೆ 1938ರಲ್ಲಿ ಸೂಪರ್‌ಮ್ಯಾನನ ಸಮಸ್ತ ಹಕ್ಕುಗಳನ್ನು ಅವನ ನಿರ್ಮಾತೃಗಳಾದ ಸೀಗಲ್ ಮತ್ತು ಶೂಸ್ಟರ್ ಬಿಟ್ಟುಕೊಟ್ಟದ್ದು ಕೇವಲ 130 ಡಾಲರುಗಳಿಗೆ. ಕಾಯಕ ಮಾಡಿದವನ ಕೈ ಬರಿದಾಗಿ, ಅದರ ಫಲವು ಎಂಟು ದಶಕಗಳ ಅನಂತರ ಹರಾಜಿನ ಕಟ್ಟೆಯಲ್ಲಿ ಹೊಳೆಯುವುದು ವಿಚಾರಶೀಲರನ್ನು ಕಾಡದಿರದು.

ಹಾಗಾದರೆ ಈ ಸಂಗ್ರಹವು ತ್ಯಾಜ್ಯವೆ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಸಾಲ ಮಾಡಿ ಮೂಲ ಪ್ರತಿಗಳನ್ನು ಕೊಳ್ಳುವ ಅಗತ್ಯ ಯಾವ ಗೃಹಸ್ಥನಿಗೂ ಇಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಒಂದು ಲಕ್ಷಕ್ಕೂ ಅಧಿಕ ಚಿತ್ರಕಥಾ ಸಂಚಿಕೆಗಳು ಸುರಕ್ಷಿತವಾಗಿವೆ. ಪ್ರಸಿದ್ಧ ಮುಖಪುಟಗಳ ಉತ್ತಮ ಮರುಮುದ್ರಣಗಳು ಸಂಪುಟಗಳಾಗಿ ಬಂದಿವೆ. ಕಣ್ಣಿಗೆ ಬೇಕಾದ ಚಿತ್ರ ಅಲ್ಲಿಯೂ ಇದೆ. ಸಂಗ್ರಹಿಸುವವರು ಪ್ರತಿಯೊಂದು ಮುಖಪುಟದ ಬೆನ್ನಿಗೆ ಒಂದು ಚೀಟಿಯನ್ನು ಇಡಲಿ: ಬರೆದವರು ಯಾರು, ಯಾವ ತಿಂಗಳು ಮಾರಾಟಕ್ಕೆ ಬಂದಿತು, ಆಗ ಜಗತ್ತಿನಲ್ಲಿ ಏನು ನಡೆಯುತ್ತಿತ್ತು, ಚಿತ್ರದಲ್ಲಿ ಯಾರನ್ನು ವೀರನಾಗಿ, ಯಾರನ್ನು ಮೃಗವಾಗಿ ತೋರಿಸಿದ್ದಾರೆ. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದವನ ಮನೆಯಲ್ಲಿ ಹತ್ತೇ ಹಾಳೆಗಳಿದ್ದರೂ ಅದು ಸಾರ್ಥಕವಾದ ಸಂಗ್ರಹ. ಮಕ್ಕಳು ಅದನ್ನು ನೋಡುವಾಗ ಹಿರಿಯರು ಪಕ್ಕದಲ್ಲಿ ಕುಳಿತಿರಲಿ.